ಸೀರೆಯ ಮೇಲಿನ ಪಟ್ಟಾ

ನಮ್ಮ ಯಜಮಾನರು ತೀರಿಕೊಂಡ ಒಂಬತ್ತನೆಯ ತಿಂಗಳಿಗೆ ಅವರ ರಿವಾಲ್ವರಿನ ಪರವಾನಗಿ ನನ್ನ ಹೆಸರಿಗೆ ಆಯಿತು. ಅಲ್ಲಿಯವರೆಗೆ ಅದು ಪೊಲೀಸ್ ಠಾಣೆಯಲ್ಲಿ ಬಿಳಿ ಬಟ್ಟೆಯಲ್ಲಿ ಸುತ್ತಿಸಿಕೊಂಡು, ಅರಗಿನ ಮುದ್ರೆ ಹಾಕಿಸಿಕೊಂಡು ಕುಳಿತಿತ್ತು. ಬಿಡಿಸಿಕೊಂಡು ಬರುವಾಗ ಬಸ್ಸಿನಲ್ಲಿ ತೊಡೆಯ ಮೇಲೆ ಚೀಲ ಇಟ್ಟುಕೊಂಡಿದ್ದೆ. ಅದರ ಭಾರ ನನಗೆ ಗೊತ್ತಿದ್ದದ್ದೇ. ಇಪ್ಪತ್ತಾರು ವರ್ಷ ದಿನಾ ಸಂಜೆ ಅವರು ಬಿಚ್ಚಿ ಕೊಟ್ಟದ್ದನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದವಳು ನಾನೇ.

ನನಗಾಗಿ ಅದನ್ನು ನಾನು ಬೇಡಿರಲಿಲ್ಲ. ನನ್ನ ಮೈದುನ ಹಾಕಿದ ಷರತ್ತು ಅದು. ನಮ್ಮ ಮನೆ ಕಾಗವಾಡದ ಆಚೆ, ದ್ರಾಕ್ಷಿ ತೋಟದ ನಡುವೆ. ಪಕ್ಕದ ತೋಟದ ಮನೆಯ ದೀಪ ಕಾಣುತ್ತದೆ, ಕೂಗಿದರೆ ಕೇಳುವುದಿಲ್ಲ. ಮಕ್ಕಳಿಲ್ಲ. ಮೈದುನ ಚಿಕ್ಕೋಡಿಯ ಕೋರ್ಟಿನಲ್ಲಿ ಗುಮಾಸ್ತ. ತೋಟದಲ್ಲಿ ಅವನ ಪಾಲೂ ಇದೆ. ದಿನಕರ್ಮ ಮುಗಿದ ಮರುದಿನವೇ ಅವನು ಅಂಗಳದಲ್ಲಿ ನಿಂತು ಹೇಳಿದ್ದ:

“ವೈನಿ, ನಡೀರಿ ಚಿಕ್ಕೋಡಿಗೆ. ಮ್ಯಾಲಿನ ಖೋಲಿ ಖಾಲಿನ ಐತಿ. ಇಲ್ಲಿ ಒಬ್ಬಾಕಿ ಏನ್ ಮಾಡ್ತೀರಿ?”

ನಾನು ಹೋಗಲಿಲ್ಲ. ಆ ಮೇಲಿನ ಕೋಣೆಯ ಕಿಟಕಿಯಿಂದ ಬಸ್ ನಿಲ್ದಾಣ ಕಾಣುತ್ತದೆ. ಅಲ್ಲಿ ಕೂತು ಬರುವ ಹೋಗುವ ಬಸ್ಸು ನೋಡುತ್ತ ಉಳಿದ ವಯಸ್ಸು ಕಳೆಯುವುದು ನನಗೆ ಬೇಡವಾಗಿತ್ತು. ಮೂರು ನಾಲ್ಕು ಸಲ ಕರೆದು, ಕಡೆಗೆ ಅವನೇ ಒಂದು ದಾರಿ ತೆಗೆದ.

“ಹಂಗಾರ ಅಣ್ಣನ ರಿವಾಲ್ವರ್ ನಿಮ್ಮ ಹೆಸರಿಗೆ ಮಾಡಸೂನು. ಆದ್ರ ಅದು ಸೊಂಟದಾಗ ಇರಬೇಕು. ಕಪಾಟದಾಗ ಇಟ್ಟು ಕುಂತ್ರ ನಾ ಒಪ್ಪೂದಿಲ್ಲ ನೋಡ್ರಿ.”

ಪೊಲೀಸರು ಕರೆಸಿ ಗುರಿ ಹಿಡಿಯುವುದನ್ನು ಕಲಿಸಿದರು. ಕಲಿತೆ. ಉಳಿದದ್ದು ಅದನ್ನು ಇಟ್ಟುಕೊಳ್ಳುವ ಚರ್ಮದ ಒರೆ. ನಮ್ಮವರು ಅದಕ್ಕೆ ಕವರ್ ಎನ್ನುತ್ತಿದ್ದರು. ಅವರದು ಮನೆಯಲ್ಲಿ ಇದ್ದೇ ಇತ್ತು. ಒಂದು ಬೆಳಿಗ್ಗೆ ಸೊಂಟಕ್ಕೆ ಹಿಡಿದು ನೋಡಿದೆ. ಅಷ್ಟು ವರ್ಷ ಅವರ ಸೊಂಟಕ್ಕೆ ಒತ್ತಿಕೊಂಡು ಅದರ ಬೆನ್ನು ಬಾಗಿತ್ತು. ನನ್ನ ಮೈಗೆ ಅದು ತಾಗಲೇ ಇಲ್ಲ, ಹೊರಗೆ ಚಾಚಿ ನಿಂತಿತು. ಅದನ್ನು ಕಟ್ಟುವ ಪಟ್ಟಾಕ್ಕೆ, ಅಂದರೆ ಸೊಂಟದ ಬೆಲ್ಟಿಗೆ, ಇನ್ನೂ ನಾಲ್ಕು ತೂತು ಹಾಕಿದರೆ ನನಗೆ ಬಿಗಿಯಾದೀತು ಎಂದು ಕಂಡಿತು. ದಬ್ಬಳ ತಂದೆ. ಅವರು ದಿನಾ ಹಾಕುತ್ತಿದ್ದ ತೂತು ಎಳೆದೆಳೆದು ಉದ್ದವಾಗಿತ್ತು. ಅದರ ಪಕ್ಕದಲ್ಲಿ ಇನ್ನೊಂದು ಚುಚ್ಚಲು ಕೈ ಬರಲಿಲ್ಲ.

ಮೈದುನ ನಿಪ್ಪಾಣಿಗೆ ಕರೆದುಕೊಂಡು ಹೋದ. ಪೊಲೀಸರ ಟೋಪಿ, ಬೆಲ್ಟು, ಲಾಠಿ ಮಾರುವ ಅಂಗಡಿ ಅದು. ಅಂಗಡಿಯವರು ನನ್ನನ್ನು ನೋಡದೆ ಮೈದುನನನ್ನೇ ಕೇಳಿದರು.

“ಯಾರಿಗ್ರಿ, ನಿಮಗಾ?”

“ನಮ್ಮ ವೈನಿಗೆ.”

ಅವರು ನನ್ನ ಸೀರೆಯನ್ನು ಮೇಲಿಂದ ಕೆಳಗೆ ನೋಡಿದರು. “ಪಟ್ಟಾ ಎಲ್ಲಿ ಕಟ್ತೀರಿ ಬಾಯಾರ? ನಿರಗಿ ಮ್ಯಾಲೋ, ಸೆರಗಿನ ಮ್ಯಾಲೋ?”

“ತ್ವಾಟದಾಗ ಸೀರಿ ಮ್ಯಾಲೆ ಗಂಡಸರ ಅಂಗಿ ಹಾಕ್ತೀವಲ್ರಿ, ಅದರ ಮ್ಯಾಲೆ” ಎಂದೆ.

“ಹಾಂ, ಹಂಗ ಹೇಳ್ರಿ ಮತ್ತ!” ಎಂದು ಅವರು ನಕ್ಕು ನಾಲ್ಕೈದು ಒರೆ ಇಳಿಸಿದರು. ನೈಲಾನಿನದು ಹಗುರಾಗಿತ್ತು. ಆದರೆ ಬಾಯಿ ಮೆತ್ತಗೆ, ತೆಗೆದ ಮೇಲೆ ಮುಚ್ಚಿಕೊಳ್ಳುತ್ತಿತ್ತು. ತಿರುಗಿ ಇಡಲು ಎರಡೂ ಕೈ ಬೇಕು. ಒಂದು ಚರ್ಮದ್ದು ಚೆನ್ನಾಗಿ ಹೊಳೆಯುತ್ತಿತ್ತು, ಬೆರಳಿನಿಂದ ಎಳೆಯುವ ಕುದುರೆ ಇರುವ ಜಾಗ ಮಾತ್ರ ಅರ್ಧ ಬಯಲು. ಬೆರಳಾಗಲಿ ಬಳ್ಳಿಯ ಕಡ್ಡಿಯಾಗಲಿ ಅಲ್ಲಿ ತೂರಬಾರದು, ಪೂರ್ತಿ ಮುಚ್ಚಿರಬೇಕು ಎಂದು ನಮ್ಮವರು ಹೇಳುತ್ತಿದ್ದರು. ಮೂರನೆಯದು ಪಿಸ್ತೂಲಿನ ಅಳತೆಯದು, ರಿವಾಲ್ವರಿನಲ್ಲಿ ಗುಂಡು ತುಂಬುವ ಡೊಳ್ಳು ಅದರಲ್ಲಿ ಇಳಿಯುವುದಿಲ್ಲ. ಮೈದುನನಿಗೆ ಬೇಸರ ಬಂತು. “ಲಗ್ನದ ಸೀರಿ ಆರಿಸ್ದಂಗ ಆರಿಸಾಕತ್ತೀರಲ್ಲ ವೈನಿ” ಎಂದ. ನನಗೂ ನಗು ಬಂತು, ಆದರೆ ಕೊಳ್ಳಲಿಲ್ಲ.

ಅಥಣಿಗೆ ಒಬ್ಬಳೇ ಹೋದೆ. ನಮ್ಮವರು ಚಪ್ಪಲಿ ಮಾಡಿಸುತ್ತಿದ್ದ ಮುದುಕರು ಅಲ್ಲಿದ್ದಾರೆ. ಗುಂಡುಗಳನ್ನು ಮನೆಯಲ್ಲೇ ಬೀಗದಲ್ಲಿಟ್ಟು, ಖಾಲಿ ರಿವಾಲ್ವರನ್ನು ಪರವಾನಗಿಯ ಜೊತೆ ಒಯ್ದಿದ್ದೆ. ಸಾವಿನ ಸುದ್ದಿ ಅವರಿಗೆ ಗೊತ್ತಿರಲಿಲ್ಲ. ಹೇಳಿದೆ. ಉಳಿ ಕೆಳಗಿಟ್ಟರು.

“ಬಲಗಾಲ ಒಂದ ಬೆರಳ ದಪ್ಪ ಇತ್ರಿ ಅವರದು” ಎಂದರು ಆಮೇಲೆ. ಒಂಬತ್ತು ತಿಂಗಳಲ್ಲಿ ಎಷ್ಟೋ ಜನ ಎಷ್ಟೋ ಮಾತು ಹೇಳಿ ಹೋಗಿದ್ದರು. ಅವರ ಕಾಲಿನ ಅಳತೆಯನ್ನು ನೆನಪಿಟ್ಟುಕೊಂಡವರು ಇವರೊಬ್ಬರೇ.

ಕಾಗದ ಹಾಸಿ, “ಪಾದ ಇಟ್ಟಂಗ ಇಡ್ರಿ” ಎಂದರು. ಇಟ್ಟೆ. ರಿವಾಲ್ವರನ್ನು ಮುಟ್ಟಲಿಲ್ಲ ಅವರು, ಅದರ ಸುತ್ತಲೂ ಪೆನ್ಸಿಲಿನಿಂದ ಗೆರೆ ಎಳೆದುಕೊಂಡರು. ಕುದುರೆ ಮುಚ್ಚಬೇಕು, ಬಾಯಿ ಗಟ್ಟಿ ನಿಲ್ಲಬೇಕು, ಮೇಲೊಂದು ಪಟ್ಟಿ ಬಂದು ಟಿಚ್ ಬಟನ್ ಬೀಳಬೇಕು, ನನ್ನ ಸೊಂಟದ ಅಳತೆಗೆ ಒಂದು ಪಟ್ಟಾವೂ ಬೇಕು ಎಂದು ಹೇಳಿದೆ. ತಲೆಯಾಡಿಸಿದರು. ಬಲಗೈಯವಳು ಎಂದೂ ಹೇಳಿದ್ದೆ.

ಹದಿನೈದು ದಿನ ಬಿಟ್ಟು ಹೋದಾಗ ಗೂಟಕ್ಕೆ ಎರಡು ಒರೆ ತೂಗುತ್ತಿದ್ದವು. ಒಂದು ಬಲಕ್ಕೆ, ಒಂದು ಎಡಕ್ಕೆ.

“ಎರಡ್ಯಾಕ್ರಿ ಅಜ್ಜಾರ?”

ಅವರು ನಾಚಿಕೊಂಡರು. “ತಪ್ಪಾತ್ರಿ ಅಕ್ಕಾರ. ಬಲಕ ಕೊಯ್ದೆ. ಚಾಳಿ ನೋಡ್ರಿ, ಚಕ್ಕಳಾ ತಿರುವಿ ಎಡಕ್ಕೂ ಕೊಯ್ದ ಬಿಟ್ಟೆ. ಅರವತ್ತ ವರ್ಷ ಜೋಡಾನ ಮಾಡಿದ ಕೈ. ಒಂದ ಮಾಡಿ ಕೊಟ್ಟದ್ದ ಇಲ್ರಿ.” ಪಕ್ಕದಲ್ಲಿ ಹೊಲಿಯುತ್ತಿದ್ದ ಅವರ ಹೆಂಡತಿ, “ನಾ ಹೇಳ್ದೆ, ಬಂದೂಕಕ್ಕೇನ ಎರಡ ಕಾಲ ಇರ್ತಾವೇನ ಮುದಕಾ ಅಂತ” ಎಂದರು. ಇನ್ನೊಂದನ್ನು ಬಿಟ್ಟು ಹೋಗಿ ಎಂದರು ಮುದುಕರು, ಬಿಚ್ಚಿ ಬೇರೆ ಏನಾದರೂ ಮಾಡುತ್ತೇನೆಂದರು. ಹೊಲಿಗೆ ಅಷ್ಟು ಒಪ್ಪವಾಗಿತ್ತು, ಬಿಟ್ಟು ಬರಲು ಮನಸ್ಸಾಗಲಿಲ್ಲ. ಎರಡನ್ನೂ ಕೈಯಲ್ಲಿ ಹಿಡಿದುಕೊಂಡು ಬಸ್ಸು ಹತ್ತಿದೆ.

ಅದೇ ನಾನು ಮಾಡಿದ ತಪ್ಪು. ತೋಟದ ಕೆಲಸಕ್ಕೆ ಬರುವ ಹೆಂಗಸರು ಅದೇ ಬಸ್ಸಿನಲ್ಲಿದ್ದರು. ನಾನು ಕೇಳಿಸಿಕೊಂಡಾಗ ಸುದ್ದಿ ಊರೆಲ್ಲ ತಿರುಗಿ ಬಂದಿತ್ತು: ಅಕ್ಕಾರ ಬಳಿ ಒಂದಲ್ಲ, ಎರಡು ಅದಾವಂತ. ಎರಡೂ ಕೈಲೆ ಹೊಡೀತಾರಂತ. ಮೈದುನನಿಗೆ ಬಹಳ ಖುಷಿ. “ಚಲೋ ಆತು, ಇನ್ನೂ ಎರಡ ಅದಾವ ಅಂತ ನಾನ ಹಬ್ಬಸ್ತೀನಿ” ಎಂದು ಫೋನಿನಲ್ಲಿ ನಕ್ಕ.

ಒರೆ ಮಾತ್ರ ನಿಜವಾಗಿ ಚೆನ್ನಾಗಿ ಕೂತಿತ್ತು. ನಮ್ಮವರ ಹಳೆಯ ಅಂಗಿಯ ಮೇಲೆ ಪಟ್ಟಾ ಬಿಗಿದು ಬಳ್ಳಿಗಳ ನಡುವೆ ಓಡಾಡುತ್ತಿದ್ದೆ. ಚಾಟ್ನಿಯ ದಿನಗಳು, ಅಂದರೆ ಬಳ್ಳಿಯ ಕಡ್ಡಿ ಕತ್ತರಿಸುವ ಕಾಲ. ಆ ದಿನಗಳಲ್ಲಿ ಮಧ್ಯಾಹ್ನ ಹೆಂಗಸರೊಡನೆ ಕೂತು ಉಣ್ಣುವುದು ನನ್ನ ರೂಢಿ. ನಮ್ಮವರು ತೀರಿಕೊಂಡ ಮೇಲೆ ಆ ಅರ್ಧ ತಾಸಿಗಾಗಿಯೇ ಬೆಳಿಗ್ಗೆ ಏಳುತ್ತಿದ್ದೆ ಎನ್ನಬಹುದು. ಪಟ್ಟಾ ಕಟ್ಟಿದ ಮೊದಲ ದಿನ ನಾನು ಬುತ್ತಿ ಬಿಚ್ಚಿದಾಗ ಹೆಂಗಸರು ಮಾತು ನಿಲ್ಲಿಸಿದರು. ಯಾರೂ ಯಾರ ಅತ್ತೆಯನ್ನೂ ಆಡಿಕೊಳ್ಳಲಿಲ್ಲ. ಮರುದಿನ ಅವರು ಬೇರೆ ಮರದ ಕೆಳಗೆ ಕೂತರು. ನಾನು ಒಡ್ಡಿನ ಮೇಲೆ ಕೂತು ರೊಟ್ಟಿ ತಿಂದೆ. ಎದ್ದು ಅಲ್ಲಿಗೆ ಹೋಗಲು ನಾಚಿಕೆಯಾಯಿತು. ವಾರದಲ್ಲಿ ಹನ್ನೊಂದು ಜನ ನಾಲ್ಕಾದರು.

ಅವರಲ್ಲಿ ಹಿರಿಯಳಾದವಳನ್ನು ಕೇಳಿದೆ. ನಮ್ಮವರ ಹೆಣ ಅಂಗಳದಲ್ಲಿದ್ದಾಗ ನನ್ನ ಬಾಯಿಗೆ ನೀರು ಹಿಡಿದವಳು ಅವಳು.

“ಸಿಟ್ಟಾಗಬ್ಯಾಡ್ರಿ ಅಕ್ಕಾರ. ನೀವ ಸಮೀಪ ಬಂದ್ರ ನಮ್ಮ ಕತ್ತರಿ ತಪ್ಪತೈತಿ. ಹುಡಿಗ್ಯಾರ ಅಂತಾರ, ಕಡ್ಡಿ ತಪ್ಪಿ ಕೊಯ್ದ್ರ ಅಕ್ಕಾರ ಹೊಡದಾರು ಅಂತ.”

“ಹುಚ್ಚ ಅದಾವೇನ? ನಾ ಹೊಡೀತೀನಿ?”

“ನನಗ ಗೊತ್ತೈತ್ರಿ. ಆದ್ರ ಅದನ್ನ ನೋಡ್ಕೋತ ತುತ್ತು ಇಳಿಯೂದಿಲ್ಲ.”

ಮರುದಿನ ಪಟ್ಟಾ ಕಟ್ಟಲಿಲ್ಲ. ಭಾನುವಾರ ಮೈದುನ ಬಂದ. ಚಹಾ ಕೊಡುವಾಗಲೇ ಅವನ ಕಣ್ಣು ನನ್ನ ಸೊಂಟದ ಮೇಲಿತ್ತು.

“ಎಲ್ಲೈತಿ ವೈನಿ?”

“ಕಪಾಟದಾಗ. ನಾಳಿ ಠಾಣೇಕ ಒಪ್ಪಿಸಿ ಬರ್ತೀನಿ. ನನಗ ಬ್ಯಾಡ ಅಂತ ಬರದ ಕೊಡ್ತೀನಿ.”

“ಹಂಗಾರ ಅರಿವಿ ಕಟ್ಕೋರಿ, ಚಿಕ್ಕೋಡಿಗೆ ನಡೀರಿ.”

“ಬರೂದಿಲ್ಲ ತಮ್ಮಾ.”

ಇಷ್ಟು ವರ್ಷದಲ್ಲಿ ಅವನಿಗೆ ಹೀಗೆ ನೇರವಾಗಿ ಹೇಳಿದವಳಲ್ಲ. ಅವನು ಕಪ್ಪು ಕೆಳಗಿಟ್ಟ. ಕೂಗಾಡುತ್ತಾನೆ ಅಂದುಕೊಂಡೆ. ಅವನು ಹಣೆ ಒರೆಸಿಕೊಂಡು, “ಮುಂಜಾನೆ ಫೋನ್ ಬಂದ್ರ ಎದಿ ಝಲ್ ಅಂತೈತಿ ವೈನಿ. ಅಣ್ಣಂದು ಹಂಗ ಬಂದಿತ್ತು. ಇನ್ನೊಂದ ತಡಕೊಳ್ಳಾಕ ಆಗೂದಿಲ್ಲ ನನಗ” ಎಂದ. ನಾನು ಆವರೆಗೆ ಅದು ತೋಟದ ಪಾಲಿನ ಮಾತು, ಹಟದ ಮಾತು ಎಂದೇ ಎಣಿಸಿದ್ದೆ. ಅವನೂ ಅಣ್ಣನನ್ನು ಕಳೆದುಕೊಂಡವನು ಎನ್ನುವುದು ನನ್ನ ದುಃಖದಲ್ಲಿ ನನಗೆ ಹೊಳೆದೇ ಇರಲಿಲ್ಲ.

ದಿನಾ ಸಂಜೆ ಪಂಪಿನ ಮೋಟಾರು ಬಂದ್ ಮಾಡಿದ ಮೇಲೆ ನಾನೇ ಫೋನ್ ಮಾಡುತ್ತೇನೆಂದು ಒಪ್ಪಿಸಿದೆ. ಒಂದು ದಿನ ತಪ್ಪಿದರೂ ಅವನು ಬಂದು ಕರೆದೊಯ್ಯಬಹುದು.

ರಿವಾಲ್ವರ್ ಒಪ್ಪಿಸಿ ಬಂದ ಸಂಜೆ ಫೋನ್ ಮಾಡಿದೆ.

“ಊಟಾತ್ರಿ?”

“ಇನ್ನೂ ಇಲ್ಲ. ಮಾಡ್ಬೇಕು.”

“ಹೆಂಗಸ್ರು ಬಂದಿದ್ರ?”

“ಆರ ಮಂದಿ.”

ಅವನ ಕಡೆ ಬಸ್ಸಿನ ಹಾರ್ನು ಕೇಳುತ್ತಿತ್ತು, ನನ್ನ ಕಡೆ ಏನೂ ಇರಲಿಲ್ಲ. ಫೋನ್ ಇಡಲೇ ಎಂದು ಅವನು ಕೇಳಲಿಲ್ಲ, ನಾನೂ ಕೇಳಲಿಲ್ಲ. ಹಾಗೇ ಕಿವಿಗೆ ಹಿಡಿದುಕೊಂಡು ಒಲೆಯ ಮೇಲೆ ಅನ್ನಕ್ಕೆ ಇಟ್ಟೆ.