ಗುರುವಣ್ಣನ ಕಾರಿನ ಗರಗರ

ಹಳೆಯ ಕಾರಿಗೆ ಹೊಸ ದನಿ ಕೂರಿಸುವುದರಲ್ಲಿ ಓಮಾನಿನ ಇಬ್ರಾ ಪೇಟೆಯ ಗುರುವಣ್ಣನಷ್ಟು ಹಟದವರನ್ನು ನಾನು ಕಂಡಿಲ್ಲ. ಪುತ್ತೂರು ಕಡೆಯಿಂದ ಬಂದ ಈ ಕಾರ್ ಎಲೆಕ್ಟ್ರಿಷಿಯನ್‌ಗೆ ಡ್ಯಾಶ್‌ಬೋರ್ಡಿನಲ್ಲಿ ಹೊಸದೊಂದು ತೂತು ಕೊರೆಯಿರಿ ಎಂದರೆ, ಮೂಗು ಚುಚ್ಚಿಸಿಕೊಳ್ಳಿ ಎಂದ ಹಾಗೆ ಹೌಹಾರುತ್ತಾರೆ. "ಹೊಸತು ಕಿವಿಗೆ ಗೊತ್ತಾಗ್ಬೇಕು, ಕಣ್ಣಿಗಲ್ಲ ಮಾರಾಯ್ರೆ!" ಎನ್ನುತ್ತಾರೆ. ನಲವತ್ತು ವರ್ಷ ಹಳೆಯ ರೇಡಿಯೋದ ಹೊಟ್ಟೆಯೊಳಗೆ ಫೋನಿನ ಹಾಡು ಹಿಡಿಯುವ ಸರ್ಕ್ಯೂಟ್ ಕೂರಿಸುತ್ತಾರೆ, ಆದರೆ ಅದರ ಮುಳ್ಳು, ಗುಂಡಿ, ಗುಂಡಿಯ ಮೇಲಿನ ಸವೆತ ಕೂಡ ಇದ್ದ ಹಾಗೇ ಇರಬೇಕು. ಆಂಪ್ಲಿಫೈಯರ್ ಸೀಟಿನಡಿಗೆ, ಸ್ಪೀಕರುಗಳು ಹಳೆಯ ಜಾಲರಿಯ ಹಿಂದಕ್ಕೆ. ಕೊನೆಗೆ ಪರೀಕ್ಷೆಗೆಂದು ಯಕ್ಷಗಾನದ ಚೆಂಡೆ ಹಾಕಿದರೆ ಓಮಾನಿ ಮುದುಕರೂ ಸ್ಟೇರಿಂಗ್ ಮೇಲೆ ತಾಳ ಬಡಿಯುತ್ತಾರೆ; ಗುರುವಣ್ಣ "ಖಲಾಸ್!" ಎಂದು ಕೈ ಒರೆಸಿಕೊಳ್ಳುತ್ತಾರೆ. ತೈಲದ ಬೆಲೆ ಕುಸಿದು ಹೊಸ ಕಾರು ಕೊಳ್ಳುವವರು ಕಡಿಮೆಯಾದ ಈ ಎರಡು ವರ್ಷ ಅವರಿಗೆ ಬಿಡುವೇ ಇಲ್ಲ. ಆದರೆ ಅವರದೇ ಕಾರು ಹತ್ತಿದರೆ, ಹರಿದ ಸ್ಪೀಕರೊಂದು ತಗಡಿನ ಡಬ್ಬಿಯಲ್ಲಿ ಜೀರುಂಡೆ ಸಿಕ್ಕಿಕೊಂಡಂತೆ ಗರಗರ ಎನ್ನುತ್ತದೆ. ಪಕ್ಕದ ಸೀಟಿನಲ್ಲಿ ಕೂತಾಗಲೆಲ್ಲ ಅವರ ಹೆಂಡತಿ ಲೋಲಾಕ್ಷಿ ಇದಕ್ಕಾಗಿ ಹನ್ನೊಂದು ವರ್ಷ ಬೈದಿದ್ದರಂತೆ. ಹೋದ ವರ್ಷ ಲೋಲಾಕ್ಷಿಯವರ ಕಂಪನಿ ಮುಚ್ಚಿತು, ವೀಸಾ ರದ್ದಾಯಿತು, ಅವರು ಊರಿಗೆ ಹೋದರು. "ಈಗಲಾದರೂ ಇದನ್ನು ಸರಿಮಾಡಬಾರದೇ?" ಎಂದೆ. ಗುರುವಣ್ಣ ಖಾಲಿ ಸೀಟಿನ ಧೂಳನ್ನು ಅಂಗೈಯಿಂದ ಒರೆಸಿದರು. "ಸರಿ ಮಾಡಿದ್ರೆ, ಅವಳು ಬಂದಾಗ ಬೈಲಿಕ್ಕೆ ಎಂತ ಉಂಟು?"