ಸೆಕೆಯಲ್ಲಿ ಅವ್ವ ಮಾಡಿದ ಬಾಣಂತನ

ಮದುವೆಯಾಗಿ ಮಂಗಳೂರಿಗೆ ಬಂದ ಮೊದಲ ತಿಂಗಳು ನನಗೆ ಎಲ್ಲದರ ಮೇಲೂ ಸಿಟ್ಟು. ಡಬ್ಬಿಯಲ್ಲಿದ್ದ ಉಪ್ಪು ನೀರಾಗುತ್ತಿತ್ತು. ಊರಿಂದ ತಂದ ಹಪ್ಪಳ ಮೆತ್ತಗಾಗುತ್ತಿತ್ತು. ಬೀರುವಿನಲ್ಲಿಟ್ಟ ಚರ್ಮದ ಬ್ಯಾಗಿನ ಮೇಲೆ ಬೂಷ್ಟು ಬೆಳೆದಿತ್ತು. ಸ್ನಾನ ಮಾಡಿ ಮೈ ಒರೆಸಿಕೊಂಡರೆ ಯಾವುದು ನೀರು, ಯಾವುದು ಬೆವರು ಎಂದೇ ಗೊತ್ತಾಗುತ್ತಿರಲಿಲ್ಲ. ನಾನು ಹುಟ್ಟಿ ಬೆಳೆದದ್ದು ಅರಕಲಗೂಡು ತಾಲ್ಲೂಕಿನ ಮಲ್ಲಿಪಟ್ಟಣದಲ್ಲಿ. ಅಲ್ಲಿ ಬಿಸಿಲಿಲ್ಲ ಎಂದಲ್ಲ. ಆದರೆ ಅಲ್ಲಿನ ಬಿಸಿಲು ಮರದಡಿಗೆ ಬಂದರೆ ನಮ್ಮನ್ನು ಬಿಟ್ಟುಬಿಡುತ್ತದೆ, ಬೇಸಿಗೆಯಲ್ಲೂ ಬೆಳಗಿನ ಜಾವ ಕಾಲ ಮೇಲೊಂದು ಹೊದಿಕೆ ಎಳೆದುಕೊಳ್ಳಬೇಕಾಗುತ್ತದೆ. ಕರಾವಳಿಯ ಸೆಕೆ ಹಾಗಲ್ಲ. ಅದು ಮನೆಯೊಳಗೇ ಬಂದು ನಮ್ಮ ಜೊತೆ ಊಟಕ್ಕೆ ಕೂರುತ್ತದೆ.

ನನ್ನ ಗಂಡ ಹೊಳೆನರಸೀಪುರದವರು, ಇಲ್ಲಿಯ ಕಾರ್ಖಾನೆಯೊಂದರಲ್ಲಿ ಕೆಲಸ. ನನಗಿಂತ ನಾಲ್ಕು ವರ್ಷ ಮುಂಚೆ ಬಂದು ಬೆಂದಿದ್ದರು. ನಾನು ಗೊಣಗಿದಾಗಲೆಲ್ಲ, "ಊರಿಗೆ ಬಂದವಳು ನೀರಿಗೆ ಬರದೆ ಇರ್ತಾಳಾ, ಕಲಿತೀಯ ಬಿಡು" ಎಂದು ನಗುತ್ತಿದ್ದರು. ಕಲಿತೆ. ದಿನಕ್ಕೆರಡು ಸ್ನಾನ, ತೆಳು ಹತ್ತಿ ಬಟ್ಟೆ, ಬೆಳಿಗ್ಗೆ ಗಂಜಿ, ಗಂಟೆಗೊಮ್ಮೆ ನೀರು. ಮಧ್ಯಾಹ್ನ ಕಿಟಕಿಗೆ ಒದ್ದೆ ಬಟ್ಟೆ ನೇತುಹಾಕುವುದು. ಮುಖ್ಯವಾಗಿ, ಬೆವರಿದ್ದಕ್ಕೆ ಸಿಟ್ಟು ಮಾಡಿಕೊಳ್ಳದಿರುವುದು. ಯಾಕೆಂದರೆ ಸಿಟ್ಟು ಮಾಡಿಕೊಂಡರೆ ಇನ್ನೂ ಬೆವರುತ್ತದೆ. ಇದನ್ನೆಲ್ಲ ಕಲಿಯಲು ನನಗೆ ಮೂರು ವರ್ಷ ಹಿಡಿಯಿತು.

ಮೂರನೆಯ ಬೇಸಿಗೆಯಲ್ಲಿ ನನಗೆ ಹೆರಿಗೆ. ಚೊಚ್ಚಲ ಹೆರಿಗೆ ತವರಲ್ಲಿ ಆಗಬೇಕು ಎನ್ನುವುದು ನಮ್ಮ ಕಡೆಯ ಪದ್ಧತಿ. ಆದರೆ ಕೊನೆಯ ತಿಂಗಳಲ್ಲಿ ಬಿಪಿ ಏರಿತು, ಘಾಟಿ ಹತ್ತುವ ಹಾಗಿಲ್ಲ ಎಂದರು ಡಾಕ್ಟರು. ನಾನು ತವರಿಗೆ ಹೋಗಲಾಗದಿದ್ದರೆ ತವರೇ ನನ್ನ ಹತ್ತಿರ ಬರುತ್ತದೆ ಎಂದು ಅವ್ವ ಹೊರಟುಬಂದಳು. ಅರಕಲಗೂಡಿನಿಂದ ಹಾಸನ, ಹಾಸನದಿಂದ ಶಿರಾಡಿ ಘಾಟಿ ಇಳಿದು ಮಂಗಳೂರು. ಕೈಯಲ್ಲಿ ಎರಡು ಚೀಲ. ಒಂದರಲ್ಲಿ ಬಜೆ, ಸಾಂಬ್ರಾಣಿ, ಹರಳೆಣ್ಣೆ, ಬೆಳ್ಳುಳ್ಳಿ, ಕರಿಮೆಣಸು. ಇನ್ನೊಂದರ ತುಂಬ ಹಾಸನದ ಮಾರ್ಕೆಟ್ಟಿನಲ್ಲಿ ಕೊಂಡ ಉಣ್ಣೆ: ಮೂರು ಕುಲಾವಿ, ಎರಡು ಸ್ವೆಟರ್, ಕಾಲುಚೀಲ, ನನ್ನ ತಲೆಗೊಂದು ಸ್ಕಾರ್ಫು.

ಅವ್ವ ಬಾಣಂತನದಲ್ಲಿ ಹೆಸರಾದವಳು. ಅಕ್ಕಂದಿರಿಬ್ಬರ ಮಕ್ಕಳು ಮಾತ್ರವಲ್ಲ, ನಮ್ಮ ಬೀದಿಯ ಅರ್ಧ ಮಕ್ಕಳು ಅವಳ ಚಾಚಿದ ಕಾಲ ಮೇಲೆ ಎಣ್ಣೆನೀರು ಕಂಡವರೇ. ಹಾಗಾಗಿ ಮಗಳು ಹುಟ್ಟಿ ಮನೆಗೆ ಬಂದ ದಿನವೇ ಅವ್ವ ಅಧಿಕಾರ ವಹಿಸಿಕೊಂಡಳು. ಕಿಟಕಿ ಮುಚ್ಚಿದಳು, ಫ್ಯಾನಿನ ಸ್ವಿಚ್ಚಿನ ಮೇಲೆ ಬ್ಯಾಂಡೇಜಿನ ಪಟ್ಟಿ ಅಂಟಿಸಿದಳು.

"ಅವ್ವ, ಇದು ಮಲ್ಲಿಪಟ್ಣ ಅಲ್ಲ" ಎಂದೆ.

"ಮಗೀಗೆ ಊರ್ ಯಾವ್ದು ಅಂತ ಗೊತ್ತಾದದೇ? ಗಾಳಿ ಹೊಡೆದ್ರೆ ಥಂಡಿನೇ ಕಣವ್ವ. ನಾಳೆ ಕೂಸಿಗೆ ಏನಾರ ಆದ್ರೆ ಹೊಳೆನರಸೀಪುರದೋರು ನನ್ನೇ ಅಂದಾರು."

ನಾನು ಎರಡನೆಯ ಮಾತು ಆಡಲಿಲ್ಲ. ಇದನ್ನು ಒಪ್ಪಿಕೊಳ್ಳಲು ನನಗೆ ಈಗಲೂ ನಾಚಿಕೆ. ಮೂರು ವರ್ಷ ಬೆಂದು ಕಲಿತದ್ದನ್ನೆಲ್ಲ ನಾನು ಹೆತ್ತ ವಾರದಲ್ಲೇ ಮರೆತುಬಿಟ್ಟೆ. ತಲೆಗೆ ಸ್ಕಾರ್ಫು, ಕಿವಿಗೆ ಹತ್ತಿ, ಸೊಂಟಕ್ಕೆ ಬಟ್ಟೆ ಕಟ್ಟಿಸಿಕೊಂಡು ಮಲಗಿದರೆ ಏನೋ ಸುಖ. ಬಾಣಂತಿಗೆ ನೀರು ಜಾಸ್ತಿಯಾದರೆ ಹೊಟ್ಟೆ ಬರುತ್ತದೆ ಎಂದು ಅವ್ವ ಅರ್ಧ ಲೋಟ ಕೊಟ್ಟರೆ ಅಷ್ಟನ್ನೇ ಕುಡಿದೆ. ಮತ್ತೆ ಮಗಳಾಗುವುದು ಅಷ್ಟು ಹಿತವಾಗಿತ್ತು.

ಹನ್ನೊಂದನೆಯ ದಿನ ಬೆಳಿಗ್ಗೆ ಕೂಸು ಹಾಲಿಗೆ ಬಾಯಿ ಹಾಕಲಿಲ್ಲ. ಮೈ ಕಾದ ಕಾವಲಿ. ತುಟಿ ಒಣಗಿತ್ತು, ರಾತ್ರಿ ಕಟ್ಟಿದ ಬಟ್ಟೆ ಒದ್ದೆಯಾಗಿರಲಿಲ್ಲ. ಗಂಡ ಶಿಫ್ಟಿನಲ್ಲಿದ್ದರು. ನಾನು ಮತ್ತು ಅವ್ವ ಆಟೋ ಹಿಡಿದು ಮಕ್ಕಳ ಡಾಕ್ಟರ ಹತ್ತಿರ ಓಡಿದೆವು.

ಡಾಕ್ಟರು ಅವ್ವನ ವಯಸ್ಸಿನ ಹೆಂಗಸು. ಒಂದೊಂದಾಗಿ ಬಿಚ್ಚಿದರು. ಉಣ್ಣೆ ಕುಲಾವಿ, ಅದರ ಕೆಳಗೆ ಬಟ್ಟೆ ಕುಲಾವಿ, ಸುತ್ತಿದ ಎರಡು ಹೊದಿಕೆ, ಸ್ವೆಟರ್, ಅಂಗಿ. ಕೊನೆಗೆ ಕೂಸು ಸಿಕ್ಕಿತು. ಕತ್ತಿನ ಮಡಿಕೆ, ಕಂಕುಳು, ಬೆನ್ನು ಎಲ್ಲ ಕಡೆ ಕೆಂಪಗೆ ಬೆವರುಸಾಲೆ.

"ಇದು ಒಳಗಿನ ಜ್ವರ ಅಲ್ಲ, ಹೊರಗಿನಿಂದ ಹತ್ತಿಸಿದ್ದು" ಎಂದರು. "ಮೈಯಲ್ಲಿ ನೀರಿಲ್ಲ. ಇವತ್ತು ಇಲ್ಲೇ ಇರಲಿ. ಇನ್ನು ಅರ್ಧ ದಿನ ತಡ ಮಾಡಿದ್ದರೆ ಕಷ್ಟ ಇತ್ತು."

ಹೊರಗಿನ ಬೆಂಚಿನಲ್ಲಿ ಅವ್ವ ಆ ಸ್ವೆಟರನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ನಾನು ಹತ್ತಿರ ಹೋಗಿ, ಅಲ್ಲಿದ್ದ ಹತ್ತು ಜನಕ್ಕೆ ಕೇಳಿಸುವಂತೆ, "ನನ್ನ ಕೂಸನ್ನ ಸಾಯಿಸೋಕೇ ಬಂದಿದ್ದೇನವ್ವ ನೀನು?" ಎಂದುಬಿಟ್ಟೆ.

ಅವ್ವ ತಲೆ ಎತ್ತಲಿಲ್ಲ. ಸ್ವೆಟರಿನ ಎರಡು ತೋಳುಗಳನ್ನು ಒಳಕ್ಕೆ ಮಡಚಿದಳು, ಮತ್ತೆ ಬಿಚ್ಚಿ ಮತ್ತೆ ಮಡಚಿದಳು.

ಎರಡನೆಯ ದಿನಕ್ಕೆ ಕೂಸು ಚೇತರಿಸಿಕೊಂಡಿತು, ಗಟಗಟನೆ ಹಾಲು ಕುಡಿಯಿತು. ಮನೆಗೆ ಬಂದೆವು. ಅವ್ವ ತಾನೇ ಸ್ವಿಚ್ಚಿನ ಮೇಲಿನ ಪಟ್ಟಿ ಕಿತ್ತಳು, ಕಿಟಕಿ ತೆರೆದಳು, ಉಣ್ಣೆಯದೆಲ್ಲ ಚೀಲಕ್ಕೆ ತುಂಬಿ ಮಂಚದ ಕೆಳಗೆ ತಳ್ಳಿದಳು. ಗಂಟೆಗೊಂದು ಲೋಟ ನೀರು ತಂದು ನಾನು ಕುಡಿಯುವ ತನಕ ನಿಲ್ಲುತ್ತಿದ್ದಳು. ಗಂಜಿ ಮಾಡಲು ಕಲಿತಳು. ಬಟ್ಟೆ ಒಗೆದಳು, ನೆಲ ಒರೆಸಿದಳು. ಒಂದು ಮಾತ್ರ ಮಾಡಲಿಲ್ಲ, ಮಗುವನ್ನು ಮುಟ್ಟಲಿಲ್ಲ.

ಕೂಸು ಅತ್ತರೆ ಬಾಗಿಲಲ್ಲಿ ನಿಂತು, "ಅಳ್ತಾ ಅದೆ ನೋಡವ್ವ" ಎನ್ನುವಳು. ಎರಡೂ ಕೈ ಸೆರಗಿನೊಳಗೆ. ನಾನು ಅಡ್ಡಾದಿಡ್ಡಿಯಾಗಿ ಸ್ನಾನ ಮಾಡಿಸುವಾಗ ಅವಳ ಬೆರಳುಗಳು ತಾವಾಗಿಯೇ ಆಡುತ್ತಿದ್ದುದು ಕಾಣುತ್ತಿತ್ತು. ಆದರೂ ಹೊಸ್ತಿಲು ದಾಟಲಿಲ್ಲ. ನನಗಾದರೂ ಬುದ್ಧಿ ಬೇಡವೇ? "ಬಾ ಅವ್ವ, ನೀನೇ ಮಾಡಿಸು" ಎನ್ನಲು ನಾಲಿಗೆ ಏಳಲಿಲ್ಲ. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುವುದಿಲ್ಲ ಎನ್ನುತ್ತಾರೆ. ಕೊಯ್ದವಳಿಗೆ ಅದನ್ನು ನೋಡುವ ಧೈರ್ಯವೂ ಇರುವುದಿಲ್ಲ.

ಹೀಗೆ ಒಂಬತ್ತು ದಿನ ಕಳೆಯಿತು. ಹತ್ತನೆಯ ದಿನ ಅಡುಗೆಮನೆಯಿಂದ ಅವ್ವ ಫೋನಿನಲ್ಲಿ ದೊಡ್ಡಕ್ಕನ ಜೊತೆ ಮಾತಾಡುವುದು ಕೇಳಿಸಿತು. "ನಂಗಿಲ್ಲಿ ಸೆಕೆ ತಡ್ಯಕ್ಕಾಗಕಿಲ್ಲ ಕಣವ್ವ. ಸುಕ್ರವಾರದ ಬಸ್ಸಿಗೆ ಬಂದ್ಬುಡ್ತೀನಿ." ಬಂದ ದಿನದಿಂದ ಒಲೆಯ ಮುಂದೆ ನಿಂತು ಬೆವರಿದವಳು, ಒಮ್ಮೆಯೂ ಉಸ್ಸಪ್ಪಾ ಎನ್ನದವಳು. ಸೆಕೆಯಲ್ಲ ಅವಳನ್ನು ಓಡಿಸುತ್ತಿದ್ದುದು. ಅವ್ವ ಹೀಗೇ ಹೋದರೆ, ಇನ್ನು ಯಾವ ಮೊಮ್ಮಗುವನ್ನೂ ಅವಳು ಧೈರ್ಯವಾಗಿ ಎತ್ತಿಕೊಳ್ಳುವುದಿಲ್ಲ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಕೂಸಿನ ಬಟ್ಟೆ ಮಡಚುತ್ತಾ ಕೂತೆ.

ಗುರುವಾರ ಮಧ್ಯಾಹ್ನ ಊಟ ಮಾಡಿ ಕೂಸಿನ ಪಕ್ಕ ಚಾಪೆಯ ಮೇಲೆ ಮಲಗಿದ ನನಗೆ ಗಾಢ ನಿದ್ದೆ ಹತ್ತಿತು. ಎಚ್ಚರವಾದಾಗ ಕತ್ತಿನ ತುಂಬ ಬೆವರು, ಮೇಲೆ ಫ್ಯಾನು ನಿಂತಿತ್ತು. ಕರೆಂಟು ಹೋಗಿದೆ, ಕೂಸು ಅಳುತ್ತಿಲ್ಲವಲ್ಲ ಎಂದು ಗಾಬರಿಯಿಂದ ತಿರುಗಿದೆ.

ಅವ್ವ ಚಾಪೆಯ ಆಚೆ, ಕೂಸಿನಿಂದ ಒಂದು ಮಾರು ದೂರದಲ್ಲಿ ಕೂತು ರಟ್ಟಿನ ತುಂಡಿನಿಂದ ಗಾಳಿ ಹಾಕುತ್ತಿದ್ದಳು. ಕೂಸು ಎಚ್ಚರವಾಗಿ, ಕಾಲು ಬಡಿಯುತ್ತಾ ಅವಳನ್ನೇ ನೋಡುತ್ತಿತ್ತು. ಅವ್ವನ ರವಿಕೆ ಪೂರ್ತಿ ನೆಂದಿತ್ತು. ಬಲಗೈ ಸೋತಾಗ ರಟ್ಟನ್ನು ಎಡಗೈಗೆ ಬದಲಿಸಿದಳು.

"ಎಷ್ಟೊತ್ತಾಯ್ತು ಕರೆಂಟು ಹೋಗಿ?"

"ನೀ ಮನಗಿದ್ ವಸಿ ಒತ್ಗೇ ಓಯ್ತು. ಮನಿಕ, ಮನಿಕ."

ಗಡಿಯಾರ ನೋಡಿದೆ. ನಾನು ಮಲಗಿ ಎರಡು ತಾಸಿಗೂ ಮೇಲಾಗಿತ್ತು.

"ಎತ್ತಿಕೊಂಡು ಹೊರಗೆ ಗಾಳಿಗೆ ಹೋಗಬಾರದಿತ್ತಾ ಅವ್ವ?"

"ನೀ ಅನ್ನದಂಗೆ ಎಂಗವ್ವ ಮುಟ್ಲಿ?" ಅವ್ವ ಬೀಸುವುದನ್ನು ನಿಲ್ಲಿಸಲಿಲ್ಲ. "ನಂಗೇನ್ ನಿನ್ ಮ್ಯಾಲೆ ಸಿಟ್ಟಿಲ್ಲ. ಬಯ ಕಣವ್ವ. ನಂಗೆ ತಿಳ್ದಿದ್ದೆಲ್ಲ ಇಲ್ಲಿ ತಪ್ಪಾಗ್ಬುಡ್ತು. ಕೈನೇ ನಂಬಕ್ಕಾಗ್ತಿಲ್ಲ."

ನಾನು ಎದ್ದು ಕೂತೆ. "ನಿಂಗೆ ತಿಳಿದಿರಲಿಲ್ಲ. ನಂಗೆ ತಿಳಿದಿತ್ತು ಅವ್ವ. ಮೂರು ವರ್ಷದಿಂದ ಈ ಸೆಕೆ ನಂಗೆ ಗೊತ್ತು. ಗೊತ್ತಿದ್ದೂ ಸುಮ್ಮನೆ ಮಲಗಿದ್ದೆ. ತಪ್ಪು ನಂದು, ಬೈದದ್ದು ನಿನ್ನ. ಎತ್ಕೊ, ಶುಕ್ರವಾರ ಹೋಗಬೇಡ."

ಅವ್ವ ರಟ್ಟನ್ನು ನನ್ನ ಕೈಗೆ ಕೊಟ್ಟು ಎದ್ದು ಹಿತ್ತಲಿಗೆ ಹೋದಳು. ಟ್ಯಾಂಕಿನ ನೀರು ಮಧ್ಯಾಹ್ನ ಕುದಿಯುತ್ತಿರುತ್ತದೆ ಎಂದು ಯಾವಾಗ ಕಲಿತಿದ್ದಳೋ, ನಲ್ಲಿ ಮುಟ್ಟಲಿಲ್ಲ. ಬಾವಿಯ ರಾಟೆ ಕಿರುಗುಟ್ಟಿತು. ಮಲ್ಲಿಪಟ್ಟಣದಲ್ಲಿ ಎಳೆಕೂಸನ್ನು ಎತ್ತಿಕೊಳ್ಳುವ ಮುಂಚೆ ಅಂಗೈಯನ್ನು ಕೆಂಡದ ಮೇಲೆ ಹಿಡಿದು ಬಿಸಿ ಮಾಡಿಕೊಳ್ಳಬೇಕು. ತಣ್ಣನೆ ಕೈ ತಂದವರನ್ನು ಅವ್ವ ಹತ್ತಿರ ಸೇರಿಸುತ್ತಿರಲಿಲ್ಲ. ಅದೇ ಅವ್ವ ಈಗ ಮೊಣಕೈವರೆಗೂ ಬಾವಿನೀರು ಸುರಿದುಕೊಂಡು, ಅಂಗೈ ಒಮ್ಮೆ ಮುಂಗೈ ಒಮ್ಮೆ ತಿರುಗಿಸಿ ನೆನೆಸಿಕೊಂಡು, ಸೆರಗಿನಲ್ಲಿ ಒರೆಸುತ್ತಾ ಬಂದಳು.

ನೇರ ಕೂಸಿನ ಹತ್ತಿರ ಹೋಗಲಿಲ್ಲ. ನನ್ನ ಮುಂದೆ ಕುಕ್ಕರುಗಾಲಲ್ಲಿ ಕೂತು ಎರಡೂ ಅಂಗೈಗಳನ್ನು ನನ್ನ ಕೆನ್ನೆಗಳಿಗೆ ಒತ್ತಿ, ಪರೀಕ್ಷೆಗೆ ಕೂತ ಹುಡುಗಿಯ ಮುಖ ಮಾಡಿ ಕೇಳಿದಳು:

"ತಣ್ಣಗವ್ಯಾ ನೋಡವ್ವ?"