ಟೆಂಟಿನ ಚೀಲದಲ್ಲಿ ಉಳಿದ ಕಲ್ಲು

ನಂಬಿದರೆ ನಂಬಿ, ಬಿಟ್ಟರೆ ಬಿಡಿ, ನನ್ನ ಗಂಟೇನೂ ಹೋಗುವುದಿಲ್ಲ. ಆದರೆ ಇದು ಡೊಂಬಿವ್ಲಿಯ ನಮ್ಮ ಮನೆಯ ಹಾಲ್‌ನಲ್ಲೇ ನಡೆದದ್ದು. ಈಗ ಬರೆಯುವಾಗಲೂ ಆ ಕಡೆಗೆ ಬೆನ್ನು ಹಾಕಿ ಕೂರಲು ನನಗೆ ಮನಸ್ಸಿಲ್ಲ.

ಲೋಡ್ ಶೆಡ್ಡಿಂಗ್ ಇದ್ದ ವರ್ಷಗಳು. ದಿನವೂ ಠಾಣೆಯಲ್ಲಿ ಗಾಡಿ ಬದಲಿಸಿ ನವಿ ಮುಂಬೈಯ ಆಫೀಸಿಗೆ ಹೋಗಿ ಬಂದು ಹಿಂಡಿ ಹಿಪ್ಪೆಯಾಗಿದ್ದೆ. ವರ್ಷಕ್ಕೊಮ್ಮೆ ರಜೆ ಹಾಕಿ, ಸೈಕಲ್ ಹತ್ತಿ ಊರು ಬಿಡುವುದೊಂದೇ ನನ್ನ ಸುಖ. ಚಿಂತೆಯೂ ಒಂದೇ... ಅಮ್ಮ ಮನೆಯಲ್ಲಿ ಒಬ್ಬಳೇ. ಅಪ್ಪ ಹೋದ ಮೇಲೆ ಅವಳಿಗೆ ರಾತ್ರಿಯೆಂದರೆ ಹೆದರಿಕೆ. ದೀಪ ಆರಿಸಿ ಮಲಗಿದವಳೇ ಅಲ್ಲ.

ಹಿಂದಿನ ಸಲ ಮೂವರು ಹೋಗಿದ್ದೆವು. ಮೂವರು ಜೊತೆಯಾಗಿ ಹೊರಡಬಾರದೆಂದು ನಮ್ಮ ಉಡುಪಿ ಕಡೆಯವರ ನಂಬಿಕೆ. ಅಮ್ಮ ಗೇಟಿನ ಹೊರಗೆ ಬಿದ್ದಿದ್ದ ಕಲ್ಲೊಂದನ್ನು ಟೆಂಟಿನ ಚೀಲಕ್ಕೆ ಹಾಕಿ, "ಇವ ನಾಲ್ಕನೆಯವ. ಬರುವಾಗ ದಾರಿಯಲ್ಲೇ ಬಿಟ್ಟು ಬಾ, ಹೊಸ್ತಿಲು ದಾಟಿಸಬೇಡ" ಎಂದಿದ್ದಳು. ದಾರಿಯುದ್ದಕ್ಕೂ ಆ ಕಲ್ಲಿನಿಂದಲೇ ಟೆಂಟಿನ ಗೂಟ ಹೊಡೆದೆವು. ವಾಪಸಾಗುವಾಗ ಸುಸ್ತಿನಲ್ಲಿ ಎಲ್ಲವನ್ನೂ ಸುತ್ತಿ ತುರುಕಿದ್ದೆ. ಚೀಲ ನೇರ ಅಟ್ಟ ಸೇರಿತು. ಕಲ್ಲಿನ ನೆನಪೇ ಆಗಲಿಲ್ಲ.

ಈ ಸಲ ಇಬ್ಬರೇ. ನಾನು, ಮತ್ತು ಕಳಂಬೋಲಿಯ ಕಬ್ಬಿಣದ ಮಾರ್ಕೆಟ್‌ನಲ್ಲಿ ಕೆಲಸಕ್ಕಿದ್ದ ಬಿಜಾಪುರದ ಮಲ್ಲಣ್ಣ. ಅವನು ರಾತ್ರಿ ನಮ್ಮಲ್ಲಿಗೆ ಬಂದು ಮಲಗುವುದು, ನಸುಕಿಗೆ ಹೊರಡುವುದು ಎಂದು ಮಾತಾಗಿತ್ತು.

ಬೂಷ್ಟು ಹಿಡಿದಿದೆಯೋ ನೋಡೋಣವೆಂದು ಟೀಪಾಯಿ ಸರಿಸಿ ಟೆಂಟನ್ನು ಹಾಲ್‌ನಲ್ಲೇ ನಿಲ್ಲಿಸಿದೆ. ಸ್ಟವ್, ಹಗ್ಗ, ಪಂಕ್ಚರ್ ಸಾಮಾನು, ಎಲ್ಲ ನೆಲದ ಮೇಲೆ ಹರಡಿತ್ತು. ಅಷ್ಟರಲ್ಲಿ ಕರೆಂಟ್ ಹೋಯಿತು. ಮಲ್ಲಣ್ಣ ಬಂದರೆ ಬರಲಿ ಎಂದು ಬಾಗಿಲು ಓರೆ ಮಾಡಿ, ಸೈಕಲ್‌ಗೆ ಗಾಳಿ ಹೊಡೆಯಲು ಕಟ್ಟಡದ ಹಿಂಬದಿಗೆ ಇಳಿದೆ.

ಮೇಲೆ ಬಂದಾಗ ಟೆಂಟಿನ ಝಿಪ್ ಮುಚ್ಚಿತ್ತು. ಒಳಗೆ ಉಸಿರಾಟ... ನಿಧಾನ, ಭಾರ. ಒದ್ದೆ ಮಣ್ಣಿನ ವಾಸನೆ. ಅಷ್ಟು ದೂರ ಸೈಕಲ್ ತುಳಿದು ಬಂದ ಮಲ್ಲಣ್ಣ ಬಿದ್ದುಕೊಂಡಿದ್ದಾನೆ ಅಂದುಕೊಂಡೆ. ನನಗೂ ಕಣ್ಣು ಎಳೆಯುತ್ತಿತ್ತು. ಝಿಪ್ ತೆಗೆದು, "ಸ್ವಲ್ಪ ಸರಿ ಮಾರಾಯ" ಅಂದೆ.

ಕತ್ತಲಲ್ಲಿ ಬಟ್ಟೆ ಸರಸರ ಅಂದಿತು. ಜಾಗವಾಯಿತು. ಮಲಗಿದೆ. ಬೆನ್ನಿಗೆ ತಾಗಿದ ಮೈ ತಣ್ಣಗಿತ್ತು, ಗಟ್ಟಿಯಾಗಿತ್ತು.

"ಎಂತ, ಜ್ವರವಾ?" ಅಂದೆ. ಅದೇ ಭಾರದ ಉಸಿರು.

ಆಗ ಹೊರಬಾಗಿಲು ದೂಡಿದ ಸದ್ದು, ಟಾರ್ಚಿನ ಬೆಳಕು. "ಶೀಳ್ ಫಾಟಾದಾಗ ಟ್ರಕ್ ಅಡ್ಡ ನಿಂತಿದ್ವು, ಅದಕ್ಕ ತಡಾ ಆತು. ಎಲ್ಲಿ ಅದೀಯೋ?" ಬಾಗಿಲಲ್ಲಿ ನಿಂತವನು ಮಲ್ಲಣ್ಣ.

ನಾನು ಹೊರಗೆ ಹೇಗೆ ಬಂದೆನೋ ದೇವರಿಗೇ ಗೊತ್ತು. ಅವನು ಟೆಂಟಿನೊಳಗೆ ಬೆಳಕು ಹಾಯಿಸಿದ. ಯಾರೂ ಇಲ್ಲ. ನಾನು ಮಲಗಿದ್ದ ಜಾಗದ ಪಕ್ಕದಲ್ಲಿ ಆ ಕಲ್ಲು.

ಮೇಣದಬತ್ತಿ ಹಿಡಿದು ಕೋಣೆಯಿಂದ ಬಂದ ಅಮ್ಮ ಅದನ್ನು ನೋಡಿ ಅಲ್ಲೇ ನಿಂತುಬಿಟ್ಟಳು. "ಮನೆ ಒಳಗೆ ತಂದದ್ದಾ? ಎಂತ ಕೆಲಸ ಮಾಡಿದೆ ಮಗಾ..."

ನಸುಕಿನಲ್ಲಿ ಕಲ್ಯಾಣದಾಚೆ ಸೇತುವೆಯ ಮೇಲಿಂದ ಕಲ್ಲನ್ನು ನದಿಗೆ ಹಾಕಿದೆವು. ಅಲ್ಲಿಗೆ ಮುಗಿಯಿತು ಅಂದುಕೊಂಡೆ. ಮುರಬಾಡದಲ್ಲಿ ಚಹಾಕ್ಕೆ ನಿಂತಾಗ ಮನೆಗೆ ಫೋನ್ ಮಾಡಿದೆ.

ಅಮ್ಮ ಪಿಸುಗುಟ್ಟಿದಳು. "ಮೆಲ್ಲ ಮಾತಾಡು. ಮಲ್ಲಣ್ಣ ಮುಸುಕು ಹಾಕಿ ಹಾಲ್‌ನಲ್ಲಿ ಮಲಗಿದ್ದಾನೆ. ಅವನನ್ನು ಯಾಕೆ ಬಿಟ್ಟು ಹೋದೆ? ಪಾಪ, ಮೈಯೆಲ್ಲ ಒದ್ದೆ."

ಮಲ್ಲಣ್ಣ ನನ್ನೆದುರು ಚಹಾದಲ್ಲಿ ಬಿಸ್ಕತ್ತು ಅದ್ದುತ್ತಿದ್ದ.

ರಜೆ ಹಾಳಾಗಿ ಹೋಗಲಿ ಎಂದು ಸೈಕಲ್ ತಿರುಗಿಸಿದೆ. ಆ ದಾರಿ ಅಷ್ಟು ಉದ್ದವೆಂದು ನನಗೆ ಯಾವತ್ತೂ ಅನಿಸಿರಲಿಲ್ಲ. ಮನೆ ಮುಟ್ಟಿದಾಗ ಅಮ್ಮ ಆರಾಮವಾಗಿ ಅಕ್ಕಿ ಆರಿಸುತ್ತಿದ್ದಳು. ಹಾಲ್‌ನಲ್ಲಿ ಚಾಪೆ ಖಾಲಿ. ಮುಟ್ಟಿದೆ... ಒದ್ದೆ.

"ಈಗಷ್ಟೇ ಎದ್ದು ಹೋದ" ಅಂದಳು.

ಟೆಂಟನ್ನು ಯಾರಿಗೋ ಕೊಟ್ಟುಬಿಟ್ಟೆ. ಸೈಕಲ್ ತುಕ್ಕು ಹಿಡಿದಿದೆ. ಅಮ್ಮನನ್ನು ಬಿಟ್ಟು ಒಂದು ರಾತ್ರಿಯೂ ಎಲ್ಲಿಗೂ ಹೋಗಿಲ್ಲ. "ನೀನು ಹೋಗಿ ಬಾ ಮಗಾ, ನನಗೀಗ ಹೆದರಿಕೆ ಇಲ್ಲ" ಎಂದು ಅವಳೇ ಹೇಳುತ್ತಾಳೆ.

ಹೆದರಿಕೆ ಇಲ್ಲ, ನಿಜ. ಈಗ ಹಾಲ್‌ನಲ್ಲೇ ಮಲಗುತ್ತಾಳೆ, ದೀಪ ಆರಿಸಿ. ನಾನು ಕೋಣೆಯಲ್ಲಿ ನಿದ್ದೆಯಿಲ್ಲದೆ ಬಿದ್ದಿರುತ್ತೇನೆ. ಚಾಪೆಯ ಮೇಲೆ ಒರಗುವ ಮೊದಲು ಅವಳು ಕತ್ತಲಿಗೆ ಮೆಲ್ಲಗೆ ಹೇಳುವುದು ಕೇಳಿಸುತ್ತದೆ...

"ಸ್ವಲ್ಪ ಸರಿ ಮಾರಾಯ."